ಡೋರ್ ಪ್ಯಾಡ್ ಬಿಚ್ಚಲು ಯಾವುದು ವಾಸಿ: ಸ್ಕ್ರೂಡ್ರೈವರ್, ಸ್ಟೀಲ್ ಪಟ್ಟಿ, ನೈಲಾನ್?

ಮೊದಲೇ ಹೇಳಿಬಿಡುತ್ತೇನೆ. ಡೋರ್ ಪ್ಯಾಡ್, ಅಂದರೆ ಕಾರಿನ ಬಾಗಿಲಿನ ಒಳಬದಿಯ ಪ್ಲಾಸ್ಟಿಕ್ ಪ್ಯಾನಲ್, ಬಿಚ್ಚಲು ನನಗೆ ಹಿಡಿಸಿದ್ದು ಗಟ್ಟಿ ನೈಲಾನ್ ಪಟ್ಟಿಗಳ ಸೆಟ್, ಜೊತೆಗೆ ಪ್ಯಾಡನ್ನು ಬಾಗಿಲಿಗೆ ಹಿಡಿದಿಡುವ ಕ್ಲಿಪ್‌ಗಳನ್ನು ಎಬ್ಬಿಸುವ ಕವಲು ಬಾಯಿಯ ಇಕ್ಕಳ. ಎರಡೂ ಸೇರಿ ಸಾವಿರ ರೂಪಾಯಿ ಆಸುಪಾಸು ಆಯಿತು. ಸ್ಕ್ರೂಡ್ರೈವರ್, ಅಗ್ಗದ ಪ್ಲಾಸ್ಟಿಕ್ ಸೆಟ್, ಸ್ಟೀಲ್ ಪಟ್ಟಿ, ಎಲ್ಲವನ್ನೂ ಒಂದೇ ಕಾರಿನ ಮೇಲೆ ಬಳಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಇದೆಲ್ಲ ಶುರುವಾಗಿದ್ದು ಸ್ಪೀಕರ್‌ನಿಂದ. ದಾವಣಗೆರೆಯ ಒಂದು ಅಂಗಡಿಯಲ್ಲಿ ಮುಂದಿನ ಎರಡು ಬಾಗಿಲಿಗೆ ಹೊಸ ಸ್ಪೀಕರ್ ಹಾಕಿಸಿದೆ. ಕೆಲಸದ ಹುಡುಗ ಉದ್ದನೆಯ ಸ್ಕ್ರೂಡ್ರೈವರ್ ತಂದು ಪ್ಯಾಡ್‌ನ ಅಂಚಿಗೆ ತುರುಕಿ ಟಕ್ ಟಕ್ ಅಂತ ಎಬ್ಬಿಸಿದ. “ಸ್ವಲ್ಪ ನಿಧಾನ ಕಣಪ್ಪಾ” ಅಂದೆ. “ಎಲ್ಲಾ ಗಾಡೀಗೂ ಹಿಂಗೇ ಬಿಚ್ಚೋದು ಅಣ್ಣಾ, ಏನೂ ಆಗಲ್ಲ” ಅಂದ. ಸ್ಪೀಕರ್ ಚೆನ್ನಾಗಿಯೇ ಹಾಡಿತು. ಆದರೆ ಜಗಳೂರು ರಸ್ತೆಯಲ್ಲಿ ತೋಟಕ್ಕೆ ಹೋಗಿ ಬರುವಷ್ಟರಲ್ಲಿ ಬಾಗಿಲು ಜಿರ್ರ್ ಅನ್ನಲು ಶುರು ಮಾಡಿತು. ಹಾಡಿನಲ್ಲಿ ತಬಲಾ ಬಂದರೆ ಸಾಕು, ಪ್ಯಾಡ್ ಕೂಡ ನಡುಗುತ್ತದೆ. ಬಗ್ಗಿ ನೋಡಿದರೆ ಕೆಳಗಿನ ಅಂಚಿನಲ್ಲಿ ಉದ್ದಕ್ಕೂ ಕಚ್ಚುಗಳು. ಒಳಗೆ ಅರ್ಧ ಕ್ಲಿಪ್‌ಗಳೇ ಇಲ್ಲ. ದುಡ್ಡು ಕೊಟ್ಟು ಮಾಡಿಸಿದ ಕೆಲಸ ಹೀಗಾದರೆ ಸಿಟ್ಟು ಬರುತ್ತೆ ಅಲ್ವಾ? ಅವತ್ತಿನಿಂದ ಪ್ಯಾಡ್ ಬಿಚ್ಚುವ ಕೆಲಸ ಯಾರ ಕೈಗೂ ಕೊಟ್ಟಿಲ್ಲ.

ಸ್ಕ್ರೂಡ್ರೈವರ್ ಬಗ್ಗೆ ಜಾಸ್ತಿ ಹೇಳುವಂಥದ್ದಿಲ್ಲ. ಅದರ ತುದಿ ಚಿಕ್ಕದು, ಹಾಕಿದ ಬಲವೆಲ್ಲ ಒಂದೇ ಚುಕ್ಕೆಯ ಮೇಲೆ ಬೀಳುತ್ತದೆ. ಪ್ಯಾಡ್‌ಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್, ಮೆತ್ತಗಿನ ಪ್ಲಾಸ್ಟಿಕ್. ಅದು ಬಾಗುವ ಮೊದಲೇ ಕಚ್ಚು ಬಿದ್ದಿರುತ್ತದೆ. ಇನ್ನೊಂದು ಬದಿಯಲ್ಲಿ ಬಾಗಿಲಿನ ತಗಡಿನ ಬಣ್ಣ ಕೆರೆದುಹೋಗುತ್ತದೆ, ಮಳೆಗಾಲ ಕಳೆದರೆ ಅಲ್ಲಿಂದಲೇ ತುಕ್ಕು. ಬಟ್ಟೆ ಸುತ್ತಿ ಮೀಟಿ ಅಂತ ಹೇಳುವವರಿದ್ದಾರೆ. ಬಟ್ಟೆ ಸುತ್ತಿದರೆ ಸಂದಿಗೆ ಹೋಗುವುದಿಲ್ಲ, ಒತ್ತಿ ತುರುಕಿದರೆ ಬಟ್ಟೆ ಹರಿದು ಲೋಹವೇ ತಾಗುತ್ತದೆ.

ಅಗ್ಗದ ಪ್ಲಾಸ್ಟಿಕ್ ಸೆಟ್ ಆನ್‌ಲೈನ್‌ನಲ್ಲಿ ಇನ್ನೂರು ರೂಪಾಯಿ ಒಳಗೆ ಸಿಗುತ್ತದೆ. ಗೇರ್ ಸುತ್ತಲಿನ ಕವರ್, ಕನ್ನಡಿ ಮೂಲೆಯ ತ್ರಿಕೋನದ ತುಂಡು, ಇಂಥ ಚಿಕ್ಕ ಕೆಲಸಕ್ಕೆ ಪರವಾಗಿಲ್ಲ. ಡೋರ್ ಪ್ಯಾಡ್‌ನ ಮೊದಲ ಕ್ಲಿಪ್‌ಗೇ ಬಾಗಿಬಿಡುತ್ತದೆ.

ಸ್ಟೀಲ್ ಪಟ್ಟಿಯ ಪರವಾಗಿ ವಾದ ಮಾಡುವವರು ನಮ್ಮ ಮನೆಯಲ್ಲೇ ಇದ್ದಾರೆ. ನಮ್ಮ ಭಾವ ಚಿತ್ರದುರ್ಗದಲ್ಲಿ ಟಿಂಕರಿಂಗ್, ಅಂದರೆ ಗಾಡಿಯ ತಗಡು ರಿಪೇರಿ ಕೆಲಸ ಮಾಡುತ್ತಾರೆ. “ನೈಲಾನ್ ಎಲ್ಲ ಮಕ್ಕಳ ಆಟದ ಸಾಮಾನು ಕಣಯ್ಯ, ಸ್ಟೀಲ್ ಹಿಡಿ” ಅನ್ನುವುದು ಅವರ ಮಾತು. ಅವರ ಪಟ್ಟಿ ತೆಳ್ಳಗಿದೆ. ನೈಲಾನ್ ತುದಿ ಹೋಗದ ಸಂದಿಗೂ ಅದು ಸಲೀಸಾಗಿ ಹೋಗುತ್ತದೆ, ಬಾಗುವುದಿಲ್ಲ. ಎರಡೂ ಕಡೆ ಮಾಸ್ಕಿಂಗ್ ಟೇಪ್ ಹಚ್ಚಿ ಅವರು ಬಿಚ್ಚುವುದನ್ನು ನೋಡಿದ್ದೇನೆ, ಒಂದು ಗೀರು ಇಲ್ಲ. ಆದರೆ ದಿನವೂ ಅದೇ ಕೆಲಸ ಮಾಡುವ ಕೈ ಅದು. ವರ್ಷಕ್ಕೆ ಒಂದೆರಡು ಸಲ ಬಿಚ್ಚುವ ನಮ್ಮಂಥವರು ಸ್ಟೀಲ್ ಹಿಡಿದರೆ, ಜಾರಿದ ಒಂದೇ ಏಟಿಗೆ ಪವರ್ ವಿಂಡೋ ವೈರಿಗೋ ಹೊಳೆಯುವ ಕಪ್ಪು ಪ್ಯಾನಲ್‌ಗೋ ಪೆಟ್ಟು. ಹೊಳೆಯುವ ಕಪ್ಪು ಪ್ಯಾನಲ್ ಇದ್ದರೆ ನೈಲಾನ್ ಬಳಸುವಾಗಲೂ ಟೇಪ್ ಹಚ್ಚಿ. ಅದಕ್ಕೆ ಉಗುರು ತಾಗಿದರೂ ಗೆರೆ ಬೀಳುತ್ತದೆ.

ಇನ್ನು ನನ್ನ ತಲೆ ತಿಂದ ವಿಷಯಕ್ಕೆ ಬರುತ್ತೇನೆ. ಬಹಳ ಜನ ಹೇಳುವುದು ಅಂಚಿನ ಕಚ್ಚಿನ ಬಗ್ಗೆ. ನಿಜವಾದ ಹಾನಿ ಆಗುವುದು ಅಲ್ಲಲ್ಲ, ಪ್ಯಾಡ್‌ನ ಹಿಂಬದಿಯಲ್ಲಿ.

ಪ್ಯಾಡ್‌ನ ಹಿಂದೆ ಅಲ್ಲಲ್ಲಿ ಸಣ್ಣ ಪ್ಲಾಸ್ಟಿಕ್ ಗೂಡುಗಳಿರುತ್ತವೆ. ಕ್ಲಿಪ್‌ನ ತಲೆ ಆ ಗೂಡಿನ ಸೀಳಿನಲ್ಲಿ ಕೂತಿರುತ್ತದೆ, ಕಾಲು ಬಾಗಿಲಿನ ತಗಡಿನ ತೂತಿನಲ್ಲಿ ಕಚ್ಚಿಕೊಂಡಿರುತ್ತದೆ. ಕ್ಲಿಪ್ ಹೊಸದಿದ್ದಾಗ ಕಾಲು ಸುಲಭವಾಗಿ ಬಿಟ್ಟುಕೊಡುತ್ತದೆ. ಹತ್ತು ವರ್ಷ ಧೂಳು, ಬಿಸಿಲು ತಿಂದ ಕ್ಲಿಪ್ ಬಿಡುವುದಿಲ್ಲ. ನಮ್ಮ ಕಡೆ ಮೆಕ್ಕೆಜೋಳದ ಒಕ್ಕಣೆ ಸಮಯದಲ್ಲಿ ಏಳುವ ಧೂಳು, ಹೊಟ್ಟು ಬಾಗಿಲಿನ ಒಳಗೂ ಹೋಗಿ ಕೂತಿರುತ್ತದೆ. ಇಂಥ ಪ್ಯಾಡನ್ನು ಅಂಚು ಹಿಡಿದು ಜಗ್ಗಿದರೆ ಕ್ಲಿಪ್ ತಗಡಿನಲ್ಲೇ ಉಳಿಯುತ್ತದೆ, ಗೂಡು ಹರಿದುಕೊಂಡು ಬರುತ್ತದೆ. ಕ್ಲಿಪ್ ಹೋದರೆ ಕೆಲವೇ ರೂಪಾಯಿ. ಗೂಡು ಹೋದರೆ ಹೊಸ ಕ್ಲಿಪ್ ಹಾಕಲು ಜಾಗವೇ ಇಲ್ಲ. ಆ ಜಾಗ ಸಡಿಲವಾಗಿ ಜಿರ್ರ್ ಅನ್ನುತ್ತಲೇ ಇರುತ್ತದೆ. ನನ್ನ ಕಾರಿನಲ್ಲಿ ಅಂಗಡಿಯವರು ಮಾಡಿಟ್ಟಿದ್ದು ಇದನ್ನೇ. ಅಂಟು ಹಚ್ಚಿ ನೋಡೋಣ ಅಂದರೆ ಪಾಲಿಪ್ರೊಪಿಲೀನ್‌ಗೆ ಸಾಮಾನ್ಯ ಅಂಟು ಹಿಡಿಯುವುದೇ ಇಲ್ಲ, ಫೆವಿಕ್ವಿಕ್ ಒಣಗಿ ಹಾಳೆಯ ಹಾಗೆ ಎದ್ದು ಬಂತು. ಕೊನೆಗೆ ಭಾವನವರೇ ಸಾಲ್ಡರಿಂಗ್ ಐರನ್ನಿನಿಂದ ಅದೇ ಜಾತಿಯ ಪ್ಲಾಸ್ಟಿಕ್ ಕರಗಿಸಿ ಗೂಡನ್ನು ಬೆಸೆದು ಕೊಟ್ಟರು.

ಹಾಗಾಗಿ ಯಾವ ಸಾಧನ ಅನ್ನುವುದಕ್ಕಿಂತ ಅದನ್ನು ಎಲ್ಲಿಗೆ ಕೊಡುತ್ತೀರಿ ಅನ್ನುವುದು ಮುಖ್ಯ. ಮೊದಲು ನೈಲಾನ್ ಅಗಲ ಪಟ್ಟಿಯನ್ನು ಕೆಳಗಿನ ಮೂಲೆಯಲ್ಲಿ, ಕಣ್ಣಿಗೆ ಬೀಳದ ಕಡೆ ತೂರಿಸಿ ಒಂದು ಬೆರಳು ಹೋಗುವಷ್ಟು ಸಂದು ಮಾಡಿಕೊಳ್ಳಿ. ಟಾರ್ಚ್ ಬಿಟ್ಟು ಕ್ಲಿಪ್ ಎಲ್ಲಿದೆ ನೋಡಿ. ಆಮೇಲೆ ಕವಲು ಇಕ್ಕಳವನ್ನು ಕ್ಲಿಪ್‌ನ ಎರಡೂ ಬದಿ ಬರುವಂತೆ, ಕ್ಲಿಪ್‌ನ ತಲೆ ಮತ್ತು ತಗಡಿನ ನಡುವೆ ಕೂರಿಸಿ. ಗೂಡಿಗೂ ಕ್ಲಿಪ್ಪಿಗೂ ನಡುವೆ ಅಲ್ಲ. ಹಿಡಿ ಒತ್ತಿದರೆ ಬಲ ಕ್ಲಿಪ್‌ನ ಬುಡಕ್ಕೇ ಬೀಳುತ್ತದೆ. ಗೂಡಿನ ಮೇಲೆ ಎಳೆತವೇ ಇರುವುದಿಲ್ಲ. ಕ್ಲಿಪ್ ‘ಟಪ್’ ಅಂತ ನೇರವಾಗಿ ಈಚೆ ಬರುತ್ತದೆ. ನೈಲಾನ್ ಸೆಟ್‌ನಲ್ಲೇ ಕವಲು ತುದಿಯ ಒಂದು ಪಟ್ಟಿ ಇರುತ್ತದೆ, ಬಿಗಿ ಇಲ್ಲದ ಕ್ಲಿಪ್‌ಗೆ ಅದೇ ಸಾಕು. ಬಿಗಿ ಕ್ಲಿಪ್‌ಗೆ ಮಾತ್ರ ಇಕ್ಕಳ. ಇಕ್ಕಳದ ಬಾಯಿ ಸ್ಟೀಲ್ ಆಗಿದ್ದರಿಂದ ತಗಡಿಗೆ ತಾಗುವ ಕಡೆ ಎರಡು ಸುತ್ತು ಟೇಪ್ ಹಾಕಿಟ್ಟಿದ್ದೇನೆ.

ಇಷ್ಟಕ್ಕೂ ಮೊದಲು ಸ್ಕ್ರೂಗಳು. ಒಳಗಿನ ಹ್ಯಾಂಡಲ್ ಹಿಂದೆ ಒಂದು, ಕೈ ಹಿಡಿದು ಬಾಗಿಲು ಎಳೆಯುವ ಗುಳಿಯ ತಳದಲ್ಲಿ ಒಂದು, ಸಾಮಾನ್ಯವಾಗಿ ಸಣ್ಣ ಮುಚ್ಚಳದ ಅಡಿ ಅಡಗಿರುತ್ತವೆ. ಪ್ಯಾಡ್ ಒಂದೇ ಕಡೆ ಹಟ ಹಿಡಿದರೆ ಅಲ್ಲಿ ಬಿಚ್ಚದ ಸ್ಕ್ರೂ ಇರುವ ಸಾಧ್ಯತೆಯೇ ಹೆಚ್ಚು. ಬಲ ಹಾಕಬೇಡಿ, ಹುಡುಕಿ. ಕ್ಲಿಪ್‌ಗಳೆಲ್ಲ ಬಿಟ್ಟ ಮೇಲೂ ಎಷ್ಟೋ ಕಾರುಗಳಲ್ಲಿ ಪ್ಯಾಡ್ ಗಾಜಿನ ಬುಡದ ರಬ್ಬರ್ ಪಟ್ಟಿ (ಬೀಡಿಂಗ್) ಹತ್ತಿರ ತೂಗಿಕೊಂಡಿರುತ್ತದೆ, ಮೇಲಕ್ಕೆ ಎತ್ತಿದರೆ ಬರುತ್ತದೆ. ವೈರಿನ ಮೇಲೆ ನೇತಾಡಲು ಬಿಡಬೇಡಿ. ಮೊಣಕಾಲಿನ ಮೇಲೆ ಇಟ್ಟುಕೊಂಡು ಕನೆಕ್ಟರ್ ಬಿಡಿಸಿ.

ಒಳಗಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದೆ ನಿಧಾನವಾಗಿ ಬಿಡಿಸಿ, ಹಾಗೇ ವಾಪಸ್ ಅಂಟಿಸಿ. ಗಾಜಿನ ಬದಿಯಿಂದ ಬಾಗಿಲೊಳಗೆ ಇಳಿಯುವ ಮಳೆ ನೀರು ಕಾರಿನ ಒಳಗೆ ಬಾರದಂತೆ ತಡೆಯುವುದು ಅದೇ.

ಹೊತ್ತು ಕೂಡ ಲೆಕ್ಕಕ್ಕೆ ಬರುತ್ತದೆ. ತಣ್ಣಗಿರುವಾಗ ಪ್ಲಾಸ್ಟಿಕ್ ಪೆಡಸು, ಕ್ಲಿಪ್ ಲಟ್ ಅಂತ ಮುರಿಯುತ್ತದೆ. ಡಿಸೆಂಬರ್ ಬೆಳಿಗ್ಗೆ ಕೆಲಸ ಇದ್ದರೆ ಕಾರನ್ನು ಸ್ವಲ್ಪ ಹೊತ್ತು ಎಳೆಬಿಸಿಲಿಗೆ ನಿಲ್ಲಿಸಿ. ಏಪ್ರಿಲ್ ಮಧ್ಯಾಹ್ನ ಮಾತ್ರ ಬೇಡ. ಆ ಬಿಸಿಲಿಗೆ ಪ್ಯಾಡ್ ಎಷ್ಟು ಮೆತ್ತಗಾಗಿರುತ್ತದೆ ಅಂದರೆ ನೈಲಾನ್ ಕೂಡ ಗುರುತು ಬಿಡುತ್ತದೆ.

ಕಂಬದ ಟ್ರಿಮ್, ಅಂದರೆ ಕಂಬದ ಮೇಲಿನ ಪ್ಲಾಸ್ಟಿಕ್ ಹೊದಿಕೆ, ಬೇರೆಯೇ ವಿಷಯ. ಮುಂದಿನ ಗಾಜಿನ ಪಕ್ಕದ ಕಂಬದ ಮೇಲೆ ಎಸ್‌ಆರ್‌ಎಸ್ ಏರ್‌ಬ್ಯಾಗ್ ಅಂತ ಬರೆದಿದ್ದರೆ ಅದರ ಹಿಂದೆ ಕರ್ಟನ್ ಏರ್‌ಬ್ಯಾಗ್, ಅಂದರೆ ಅಪಘಾತದಲ್ಲಿ ಪಕ್ಕದ ಗಾಜಿನ ಮೇಲೆ ಪರದೆಯ ಹಾಗೆ ಉಬ್ಬುವ ಗಾಳಿಚೀಲ, ಇರುತ್ತದೆ. ಬ್ಯಾಟರಿಯ ನೆಗೆಟಿವ್ ತೆಗೆದು, ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯದೆ ಕೈ ಹಾಕುವಂತಿಲ್ಲ. ಏರ್‌ಬ್ಯಾಗ್ ಬಿಚ್ಚಿಕೊಂಡಾಗ ಟ್ರಿಮ್ ಹಾರಿ ಬಂದು ಮುಖಕ್ಕೆ ಬಡಿಯಬಾರದು ಅಂತ ಎಷ್ಟೋ ಕಾರುಗಳಲ್ಲಿ ಅಲ್ಲಿ ವಿಶೇಷ ಕ್ಲಿಪ್ ಕೊಟ್ಟಿರುತ್ತಾರೆ. ಆ ಕ್ಲಿಪ್ ಬಿಚ್ಚಿದರೆ ಕಂಪನಿಯದೇ ಹೊಸದು ಹಾಕಬೇಕು. ಈ ಕೆಲಸಕ್ಕೆ ನನ್ನ ಸೆಟ್ ತೆಗೆಯುವುದೇ ಇಲ್ಲ, ಸರ್ವಿಸ್ ಸೆಂಟರ್‌ಗೆ ಕೊಡುತ್ತೇನೆ.

ನನ್ನ ಅಭ್ಯಾಸ ಭಾನುವಾರ ಬೆಳಿಗ್ಗೆ, ಯಾವ ಅವಸರವೂ ಇಲ್ಲದೆ ಕೆಲಸ ಮಾಡುವುದು. ಅದಕ್ಕೆ ನೈಲಾನ್ ಹೊಂದುತ್ತದೆ. ದಿನಕ್ಕೆ ನಾಲ್ಕು ಗಾಡಿ ಬಿಚ್ಚಬೇಕಾದವರಿಗೆ ಭಾವನ ಸ್ಟೀಲೇ ಸರಿ. ಬರೀ ಒಂದು ಸಲ ಸ್ಪೀಕರ್ ಬದಲಿಸಬೇಕು, ಆಮೇಲೆ ಮುಟ್ಟುವುದಿಲ್ಲ ಅನ್ನುವವರು ಇಕ್ಕಳ ಒಂದನ್ನೇ ತೆಗೆದುಕೊಂಡು, ಸಂದು ಮಾಡಲು ಅಗಲದ ಒಂದು ನೈಲಾನ್ ಪಟ್ಟಿ ಬಿಡಿಯಾಗಿ ಸಿಕ್ಕರೆ ಸಾಕು ಮಾಡಬಹುದು. ಐನೂರರ ಆಸುಪಾಸಿನಲ್ಲಿ ಮುಗಿಯುತ್ತದೆ. ಪ್ಯಾಡ್ ವಾಪಸ್ ಕೂರಿಸುವ ಮೊದಲು ಒಂದು ಹಳೆ ಕ್ಲಿಪ್ ಮಾದರಿ ತೋರಿಸಿ ಸ್ಪೇರ್ ಅಂಗಡಿಯಿಂದ ಒಂದು ಡಜನ್ ತಂದಿಟ್ಟುಕೊಳ್ಳಿ. ನೋಡಲು ಒಂದೇ ಥರ ಇದ್ದರೂ ತೂತಿನ ಅಳತೆಯಲ್ಲಿ ವ್ಯತ್ಯಾಸ ಇರುತ್ತದೆ, ಅಂದಾಜಿನ ಮೇಲೆ ತಂದರೆ ಸಡಿಲ ಕೂತು ಮತ್ತೆ ಸದ್ದು ಶುರುವಾಗುತ್ತದೆ.