ಕರ್ವೆನಗರದ ಪ್ರಕೃತಿ ಚಿಕಿತ್ಸಾಲಯ: ಒಂದೂವರೆ ವರ್ಷ ಹೋಗಿ ಬಂದವಳ ಮಾತು

ನಾನು ರೊಟ್ಟಿ ಮಾಡಿ ಮಾರುವವಳು. ಊರು ಬಾಗಲಕೋಟೆ ಹತ್ತಿರ. ಪುಣೆಗೆ ಬಂದು 29 ವರ್ಷ ಆಯಿತು. ಕರ್ವೆನಗರದಲ್ಲಿ ಮನೆಯಲ್ಲೇ ಸಣ್ಣ ಖಾನಾವಳಿ ನಡೆಸುತ್ತೇನೆ. ದಿನಕ್ಕೆ 150 ಜೋಳದ ರೊಟ್ಟಿ, ಹಬ್ಬ ಇದ್ದರೆ ಇನ್ನೂ ಜಾಸ್ತಿ.

ಒಂದೂವರೆ ವರ್ಷದ ಹಿಂದೆ ಬಲಗೈ ಹೆಗಲಿನ ಮೇಲಕ್ಕೆ ಏಳದಂತೆ ಆಯಿತು. ಹಿಟ್ಟು ನಾದಬಹುದಿತ್ತು, ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ. ಜಡೆ ಹಾಕಲು ಮಗಳನ್ನು ಕರೆಯಬೇಕಿತ್ತು. ರಾತ್ರಿ ಆ ಮಗ್ಗಲಿಗೆ ಮಲಗಿದರೆ ಎಚ್ಚರ. ಮೂಳೆ ಡಾಕ್ಟರಿಗೆ ತೋರಿಸಿದೆ, ಮಾತ್ರೆ ಕೊಟ್ಟರು, ವ್ಯಾಯಾಮದ ಚೀಟಿ ಕೊಟ್ಟರು. ಚೀಟಿ ಫ್ರಿಜ್ಜಿನ ಮೇಲೆ ಅಂಟಿಸಿದೆ. ಮನೆಯಲ್ಲಿ ಒಬ್ಬಳೇ ನಿಂತು ಗೋಡೆಗೆ ಬೆರಳು ಹತ್ತಿಸುವುದು ನಾಲ್ಕು ದಿನ ನಡೆಯಿತು, ಐದನೇ ದಿನ ಬಿಟ್ಟೆ. ಆಗ ನನ್ನ ಹತ್ತಿರ ಡಬ್ಬಿ ತೆಗೆದುಕೊಳ್ಳುವ ಒಬ್ಬ ಆಯಿ (ಮರಾಠಿಯಲ್ಲಿ ಅಮ್ಮ) ಈ ಪ್ರಕೃತಿ ಚಿಕಿತ್ಸಾಲಯಕ್ಕೆ ಕರೆದುಕೊಂಡು ಹೋದರು.

ಚಿಕಿತ್ಸಾಲಯದ ಹೆಸರು ಬರೆಯುತ್ತಿಲ್ಲ, ಅಲ್ಲಿನ ಡಾಕ್ಟರೇ ಬೇಡ ಎಂದು ಕೇಳಿಕೊಂಡಿದ್ದಾರೆ. ಒಂದು ಹಳೆಯ ಬಂಗಲೆಯ ಕೆಳಗಿನ ಮನೆ ಮತ್ತು ಮೇಲಿನ ತಾರಸಿ, ಅಷ್ಟೇ ಜಾಗ. ಯೋಗದ ಹಾಲ್‌ನಲ್ಲಿ 14 ಚಾಪೆ ಹಾಸಿದರೆ ಬಾಗಿಲು ತೆರೆಯಲು ಜಾಗ ಇರುವುದಿಲ್ಲ. ಪರಿಚಯದವರು ಯಾರಾದರೂ ಬರುತ್ತೇನೆ ಎಂದರೆ ನಾನೇ ಜೊತೆಗೆ ಕರೆದುಕೊಂಡು ಹೋಗುತ್ತೇನೆ.

ಮೊದಲ ದಿನ ನನಗೆ ಹೆದರಿಕೆ ಇತ್ತು. ಅದಕ್ಕೆ ಕಾರಣ ಇದೆ. ಎರಡು ವರ್ಷ ಮೊದಲು ಬೇರೆ ಒಂದು ಕಡೆ, 'ನೈಸರ್ಗಿಕ' ಎಂದು ಬೋರ್ಡು ಹಾಕಿದ ಅಂಗಡಿಯಲ್ಲಿ, 2,400 ರೂಪಾಯಿಯ ಪುಡಿ ಕೊಟ್ಟು ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಎಂದಿದ್ದರು. ನಿಲ್ಲಿಸಿದೆ. ಮೂರು ವಾರಕ್ಕೆ ಸಕ್ಕರೆ 340ಕ್ಕೆ ಹೋಗಿ ಆಸ್ಪತ್ರೆ ಸೇರಿದೆ. ಹಾಗಾಗಿ ಇಲ್ಲಿಯೂ ಅದೇ ಮಾತು ಬಂದರೆ ಎದ್ದು ಬರುವುದು ಎಂದು ಚಪ್ಪಲಿಯನ್ನು ಬಾಗಿಲಿಗೆ ಹತ್ತಿರವೇ ಬಿಟ್ಟಿದ್ದೆ.

ಡಾಕ್ಟರ್ ಮೊದಲು ಕೇಳಿದ್ದು ಹಳೆಯ ಫೈಲ್. ಎಲ್ಲ ರಿಪೋರ್ಟು ಓದಿದರು. "ಮಾತ್ರೆ ಒಂದೂ ನಿಲ್ಲಿಸಬೇಡಿ. ಕಡಿಮೆ ಮಾಡುವುದಿದ್ದರೆ ನಿಮ್ಮ ಡಾಕ್ಟರೇ ಮಾಡುತ್ತಾರೆ, ನಾನಲ್ಲ," ಎಂದರು. ಅದೂ ಕನ್ನಡದಲ್ಲಿ! ಅವರು ಮರಾಠಿಯವರು, ಓದಿದ್ದು ಉಜಿರೆಯಲ್ಲಿ. ಪ್ರಕೃತಿ ಚಿಕಿತ್ಸೆಗೂ ಐದೂವರೆ ವರ್ಷದ ಡಿಗ್ರಿ ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು. ಎಲ್ಲರೂ ಅವರನ್ನು 'ಡಾಕ್ಟರ್ ತಾಯಿ' ಅನ್ನುತ್ತಾರೆ. ಮರಾಠಿಯಲ್ಲಿ ತಾಯಿ ಅಂದರೆ ಅಕ್ಕ. ನನಗೆ ಮಾತ್ರ ಇಷ್ಟು ವರ್ಷ ಆದರೂ ಆ ಮಾತು ಕಿವಿಗೆ ಬಿದ್ದರೆ ಅವ್ವನೇ ನೆನಪಾಗುತ್ತಾಳೆ.

ಸಕ್ಕರೆ ಕಾಯಿಲೆ ಇರುವವರಿಗೆ ಹೆಗಲು ಹಿಡಿಯುವುದು ಜಾಸ್ತಿ ಎಂದು ಅವರು ಹೇಳಿದರು. ಇಷ್ಟು ದಿನ ನಾನು ರೊಟ್ಟಿಯನ್ನೇ ಬೈದುಕೊಂಡಿದ್ದೆ. ಆಮೇಲೆ ತೆಳ್ಳಗಿನ ನೈಲಾನ್ ದಾರದಂಥದ್ದನ್ನು ಅಂಗಾಲಿಗೆ ಅಲ್ಲಲ್ಲಿ ಮುಟ್ಟಿಸಿ, ನನ್ನ ಕಣ್ಣು ಮುಚ್ಚಿಸಿ "ಗೊತ್ತಾಗುತ್ತಾ?" ಎಂದು ಕೇಳುತ್ತಾ ಹೋದರು. ಕಾಲಿನ ಸ್ಪರ್ಶ ಮಂದವಾಗಿದ್ದರೆ ಬಿಸಿನೀರಿನ ಕಾಲು ಸ್ನಾನ ಕೊಡುವುದಿಲ್ಲವಂತೆ. ಸುಟ್ಟರೂ ಗೊತ್ತಾಗುವುದಿಲ್ಲ, ಅದಕ್ಕೆ. ನನ್ನ ಎಡಗಾಲಿನ ಹೆಬ್ಬೆರಳಿನ ಹತ್ತಿರ ಗೊತ್ತಾಗಲಿಲ್ಲ. ನನಗೆ ಕಾಲು ಸ್ನಾನ ಇವತ್ತಿಗೂ ಇಲ್ಲ. ಅದು ಬೇಡ ಎಂದು ಹೇಳಿದ್ದೇ ನನಗೆ ನಂಬಿಕೆ ಹುಟ್ಟಿಸಿತು.

ಚಿಕಿತ್ಸೆಯ ಬಗ್ಗೆ ಹೇಳುವುದು ಅಷ್ಟೇನೂ ಇಲ್ಲ. ಹೆಗಲಿಗೆ ಒಮ್ಮೆ ಬಿಸಿ, ಒಮ್ಮೆ ತಣ್ಣನೆಯ ಪಟ್ಟಿ. ಹೊಟ್ಟೆಯ ಮೇಲೆ 20 ನಿಮಿಷ ಮಣ್ಣಿನ ಪಟ್ಟಿ. ಟಬ್ಬಿನಲ್ಲಿ ಕಟಿ ಸ್ನಾನ, ಅಂದರೆ ಸೊಂಟ ಮುಳುಗುವಷ್ಟು ನೀರಲ್ಲಿ ಕೂರುವುದು. ವಾರಕ್ಕೊಮ್ಮೆ ಉಗಿ ಪೆಟ್ಟಿಗೆ: ಒಳಗೆ ಕೂರುವ ಮೊದಲು ಎರಡು ಲೋಟ ನೀರು, ತಲೆಯ ಮೇಲೆ ಒದ್ದೆ ಬಟ್ಟೆ, ತಲೆ ಮಾತ್ರ ಹೊರಗೆ. ಡಾಕ್ಟರಿಗೆ ತೋರಿಸಲು 300, ಮಣ್ಣಿನ ಪಟ್ಟಿಗೆ 150, ಉಗಿಗೆ 250, ಬೆಳಗಿನ ಯೋಗಕ್ಕೆ ತಿಂಗಳಿಗೆ 800. ಎರಡನೇ ತಿಂಗಳಿಗೇ ಪಟ್ಟಿ ಕಟ್ಟುವುದನ್ನು ಮಗಳಿಗೆ ಕಲಿಸಿ, "ಇನ್ನು ಇದಕ್ಕೆ ನನಗೆ ದುಡ್ಡು ಕೊಡಬೇಡಿ, ಮನೆಯಲ್ಲೇ ಮಾಡಿ," ಎಂದರು. ಹಾಗಾದರೆ ನಾನು ಇನ್ನೂ ಯಾಕೆ ಹೋಗುತ್ತೇನೆ? ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫ್ರಿಜ್ಜಿನ ಮೇಲಿದ್ದ ಅದೇ ವ್ಯಾಯಾಮವನ್ನು ಇಲ್ಲಿ ಗೋಡೆಗೆ ಮುಖ ಮಾಡಿ ಆರು ಜನ ಒಟ್ಟಿಗೆ ಮಾಡುತ್ತೇವೆ. ಗೋಡೆಯ ಮೇಲೆ ಪೆನ್ಸಿಲ್ಲಿನಿಂದ ಒಬ್ಬೊಬ್ಬರ ಗುರುತು ಇದೆ. ನನ್ನ ಗುರುತಿನ ಪಕ್ಕ ಒಬ್ಬರು ಸೊಲ್ಲಾಪುರದ ಅಜ್ಜಿಯದು. ಮೊದಲ ವಾರ ನಾನು ನೋವಿಗೆ ಅರ್ಧಕ್ಕೇ ನಿಂತಾಗ, "ಯಾಕವ್ವಾ, ನಿಂತಿ? ಇನ್ನೊಂದು ಬೆರಳ ಮ್ಯಾಲೆ ಏರ್ಸು," ಎಂದರು. ಪುಣೆಯಲ್ಲಿ ಅಪರಿಚಿತರ ಬಾಯಲ್ಲಿ ಆ ಕನ್ನಡ ಕೇಳಿ ಕಣ್ಣಲ್ಲಿ ನೀರು ಬಂತು. ಇನ್ನೊಂದು ಬೆರಳು ಏರಿಸಿದೆ. ನಾಲ್ಕು ತಿಂಗಳಿಗೆ ನನ್ನ ಗುರುತು ಅಜ್ಜಿಯ ಗುರುತನ್ನು ದಾಟಿತು. ಅವತ್ತು ಅಜ್ಜಿ ಬೆಲ್ಲ ಹಂಚುತ್ತೇನೆ ಎಂದು ತಂದಿದ್ದರು, ನನಗೆ ಸಕ್ಕರೆ ಇದೆ ಎಂದು ನೆನಪಾಗಿ ಕಡಲೆ ಕೊಟ್ಟರು.

ಬುಧವಾರ ಇಲ್ಲಿ ಸೂಪಿನ ದಿನ. ಡಾಕ್ಟರ್ ಒಪ್ಪಿದವರು ಆ ದಿನ ಹಣ್ಣು, ಬೂದುಗುಂಬಳದ ರಸ, ತರಕಾರಿ ಸೂಪ್ ಮಾತ್ರ ತೆಗೆದುಕೊಳ್ಳುತ್ತಾರೆ. ಮನೆಯಲ್ಲಿ ಎಲ್ಲರೂ ಉಣ್ಣುವಾಗ ಒಬ್ಬರೇ ಬಾಯಿ ಕಟ್ಟಿ ಕೂರುವುದು ಎಷ್ಟು ಕಷ್ಟ, ಅಲ್ವಾ? ಇಲ್ಲಿ ಯಾರೂ ಒಬ್ಬರೇ ಉಪವಾಸ ಮಾಡುವುದಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ಎಲ್ಲರೂ ಹಾಲ್‌ನಲ್ಲಿ ವೃತ್ತವಾಗಿ ಕೂರುತ್ತಾರೆ, ಸ್ಟೀಲ್ ಬಟ್ಟಲಿನಲ್ಲಿ ಸೂಪ್ ಬರುತ್ತದೆ, ಒಂದು ಗಂಟೆ ಹರಟೆ. ಸಕ್ಕರೆ ಮಾತ್ರೆ ತೆಗೆದುಕೊಳ್ಳುವುದರಿಂದ ನನಗೆ ಉಪವಾಸ ಇಲ್ಲ. ಹೊತ್ತಿಗೆ ಸರಿಯಾಗಿ ತಿನ್ನದಿದ್ದರೆ ಸಕ್ಕರೆ ಇಳಿದುಹೋಗಬಹುದು. ಆದರೂ ನಾನು ವೃತ್ತದಲ್ಲಿ ಕೂರುತ್ತೇನೆ. ನನ್ನ ಬಟ್ಟಲಲ್ಲಿ ಜೋಳದ ನುಚ್ಚು, ಮಜ್ಜಿಗೆ ಇರುತ್ತದೆ.

ಅಡುಗೆಯವಳಾಗಿ ಒಂದು ಮಾತು ಹೇಳಲೇಬೇಕು. ಆಗ ಅಲ್ಲಿನ ಸೂಪ್ ಚೆನ್ನಾಗಿರಲಿಲ್ಲ. ಸೋರೆಕಾಯಿ ಬೇಯಿಸಿ ಮಿಕ್ಸಿಗೆ ಹಾಕಿ, ಉಪ್ಪಿಲ್ಲದೆ ಕೊಡುತ್ತಿದ್ದರು. ಉಪ್ಪು ಕಡಿಮೆ ಮಾಡುವುದು ಸರಿ, ಅದಕ್ಕಾಗಿ ರುಚಿಯನ್ನೂ ಬಿಡಬೇಕೇ? ಡಾಕ್ಟರ್ ತಾಯಿಗೆ ನೇರವಾಗಿ ಹೇಳಿದೆ. "ಹಾಗಾದರೆ ಮುಂದಿನ ಬುಧವಾರ ನೀವೇ ಮಾಡಿ," ಎಂದರು. ಜೀರಿಗೆ, ಬೆಳ್ಳುಳ್ಳಿ ಒಣ ಬಾಣಲೆಯಲ್ಲಿ ಹುರಿದು ಜಜ್ಜಿ, ಸೋರೆಕಾಯಿಗೆ ಒಂದು ಟೊಮೆಟೊ ಸೇರಿಸಿ, ಇಳಿಸಿದ ಮೇಲೆ ನಿಂಬೆ ಹಿಂಡಿದೆ. ಬಟ್ಟಲುಗಳು ಖಾಲಿಯಾದವು. ಅಂದಿನಿಂದ ತಿಂಗಳಿಗೆ ಎರಡು ಬುಧವಾರ ಸೂಪ್ ನನ್ನದು. ಅಲ್ಲಿ ನನ್ನನ್ನು ಈಗ 'ಭಾಕರಿ ಮಾವಶಿ' ಅನ್ನುತ್ತಾರೆ, ಅಂದರೆ ರೊಟ್ಟಿ ಚಿಕ್ಕಮ್ಮ.

ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ ಕೋಥರೂಡಿನ ಮ್ಹಾತೋಬಾ ಟೇಕಡಿ (ಗುಡ್ಡ) ಹತ್ತುವುದು, ಇಳಿದು ಬಂದು ಒಟ್ಟಿಗೆ ಡಬ್ಬಿ ಬಿಚ್ಚುವುದು. ಒಲೆಗೆ ಇಡದ ಒಂದು ತಿನಿಸನ್ನು ಪ್ರತಿಯೊಬ್ಬರೂ ತರಬೇಕು. ಹಸಿ ತರಕಾರಿ ತಿನ್ನುವುದನ್ನು ದೊಡ್ಡ ಹೊಸ ವಿಷಯ ಎನ್ನುವಂತೆ ಕೆಲವರು ಮಾತಾಡುತ್ತಿದ್ದರು. ನಮ್ಮ ಕಡೆ ರೊಟ್ಟಿಯ ಜೊತೆ ಹಸಿ ಮೆಂತ್ಯ, ಹಕ್ಕರಕಿ ಸೊಪ್ಪು, ಮೂಲಂಗಿ, ಉಳ್ಳಾಗಡ್ಡಿ ಇಲ್ಲದ ಊಟವೇ ಇಲ್ಲವಲ್ಲ! ಊರಿಂದ ಬರುವ ತಮ್ಮನ ಕೈಯಲ್ಲಿ ಎರಡು ಸೂಡು ಹಕ್ಕರಕಿ ತರಿಸಿ, ಗುರೆಳ್ಳು ಚಟ್ನಿ ಜೊತೆ ಇಟ್ಟೆ. ಈಗ ತಾರಸಿಯ ಕುಂಡದಲ್ಲಿ ಹಕ್ಕರಕಿ ಬೆಳೆದಿದೆ. ಬೀಜ ಸೊಲ್ಲಾಪುರದ ಅಜ್ಜಿ ಕೊಟ್ಟದ್ದು.

ಎಲ್ಲಕ್ಕಿಂತ ನನಗೆ ಇಷ್ಟವಾದ ದಿನ ಮೇ ತಿಂಗಳಿನ ಮಣ್ಣಿನ ಕೆಲಸ. ಮಳೆ ಹಿಡಿಯುವ ಮೊದಲು ಪಟ್ಟಿಗಳಿಗೆ ವರ್ಷಕ್ಕೆ ಬೇಕಾಗುವ ಮಣ್ಣು ತಯಾರಾಗಬೇಕು. ಸಾಸವಡ ಕಡೆಯ ಒಬ್ಬರ ಹೊಲದಿಂದ ಚೀಲಗಳಲ್ಲಿ ಬರುತ್ತದೆ. ಮೇಲಿನ ಮಣ್ಣು ನಡೆಯುವುದಿಲ್ಲ. ಗೊಬ್ಬರ, ಔಷಧಿ ಸೇರಿರುತ್ತದೆ. ಮೂರು-ನಾಲ್ಕು ಅಡಿ ಕೆಳಗಿನದು ಬೇಕು. ತಾರಸಿಯ ಮೇಲೆ ಬಿಳಿ ಬಟ್ಟೆ ಹಾಸಿ ಮಣ್ಣು ಹರಡುತ್ತೇವೆ. ಎರಡು-ಮೂರು ದಿನ ಬಿಸಿಲು. ಆಮೇಲೆ ಹೆಂಟೆ ಒಡೆಯುವುದು, ಕಲ್ಲು ಆರಿಸುವುದು, ಜರಡಿ ಹಿಡಿಯುವುದು. ಕಳೆದ ಮೇ ತಿಂಗಳಲ್ಲಿ ಹೋದಾಗ ಎಲ್ಲರೂ ಜರಡಿಯನ್ನು ಎರಡೂ ಕೈಯಿಂದ ಹಿಂದೆ ಮುಂದೆ ಎಳೆದಾಡುತ್ತಿದ್ದರು. ಮಣ್ಣು ಹೊರಗೆ ಚೆಲ್ಲುತ್ತಿತ್ತು, ಕೈ ಸೋಲುತ್ತಿತ್ತು. ನಾನು 30 ವರ್ಷ ಜೋಳದ ಹಿಟ್ಟು ಸಾಣಿಸಿದವಳು. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಅಂಗೈಯಿಂದ ಅಂಚಿಗೆ ಮೆಲ್ಲಗೆ ತಟ್ಟಿ ತೋರಿಸಿದೆ. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಕಾಕಾ ಹತ್ತು ನಿಮಿಷ ನನ್ನ ಕೈಯನ್ನೇ ನೋಡಿ, ಆಮೇಲೆ ತಾವೂ ಶುರು ಮಾಡಿದರು. ಅವತ್ತು ತಟ್ಟಿದ್ದು ನನ್ನ ಬಲಗೈ. ಸಂಜೆ ಮನೆಗೆ ಬಂದ ಮೇಲೆ ಮಗಳು ಹೇಳಿದಾಗಲೇ ಅದು ನನ್ನ ಗಮನಕ್ಕೆ ಬಂದದ್ದು.

ನವೆಂಬರ್ 18ಕ್ಕೆ ಎಲ್ಲರೂ ಸೇರಿ ತಾಡಿವಾಲಾ ರಸ್ತೆಯ ಬಾಪು ಭವನಕ್ಕೆ ಹೋಗಿದ್ದೆವು. ಅಲ್ಲಿ ಹಿಂದೆ ಡಾ. ದಿನ್‌ಶಾ ಮೆಹತಾ ಅವರ ಪ್ರಕೃತಿ ಚಿಕಿತ್ಸಾಲಯ ಇತ್ತು, ಗಾಂಧೀಜಿ ಹಲವು ಸಲ ಬಂದು ಉಳಿದಿದ್ದರು. 1945ರ ನವೆಂಬರ್ 18ರಂದು ಅಲ್ಲಿಯೇ ಪ್ರಕೃತಿ ಚಿಕಿತ್ಸೆಗಾಗಿ ಒಂದು ಟ್ರಸ್ಟ್ ಆಯಿತು. ಆ ನೆನಪಿಗೇ 2018ರಿಂದ ಆ ದಿನವನ್ನು ಪ್ರಕೃತಿ ಚಿಕಿತ್ಸಾ ದಿನವಾಗಿ ಆಚರಿಸುತ್ತಾರೆ. 1986ರಿಂದ ಆ ಜಾಗ ಕೇಂದ್ರ ಸರ್ಕಾರದ ರಾಷ್ಟ್ರೀಯ ಪ್ರಕೃತಿ ಚಿಕಿತ್ಸಾ ಸಂಸ್ಥೆ. 1946ರಲ್ಲಿ ಗಾಂಧೀಜಿ ಇಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ಉರುಳಿ ಕಾಂಚನಕ್ಕೆ ಹೋಗಿ ಒಂದು ವಾರ ಇದ್ದು ಹಳ್ಳಿಯವರಿಗೆ ನೀರು, ಬಿಸಿಲು, ಮಜ್ಜಿಗೆ ಇಂಥದ್ದನ್ನೇ ಹೇಳಿದರಂತೆ. ಬಡವರ ಕೈಗೆ ಎಟುಕದ್ದು ಅವರಿಗೆ ಬೇಕಿರಲಿಲ್ಲ. ಡಾಕ್ಟರ್ ತಾಯಿ "ಮನೆಯಲ್ಲೇ ಮಾಡಿ" ಅನ್ನುವುದು ಎಲ್ಲಿಂದ ಬಂತು ಎಂದು ಅವತ್ತು ಅರ್ಥವಾಯಿತು.

ಕೊರತೆಗಳೂ ಇವೆ. ಹೆಂಗಸರಿಗೆ ಉಗಿ ಪೆಟ್ಟಿಗೆ ಒಂದೇ. ಶನಿವಾರ ಒಂದು ಗಂಟೆ ಕಾಯಬೇಕು. ಟಬ್ಬಿನ ಕೋಣೆಗೆ ಎರಡು ಮೆಟ್ಟಿಲು, ಹಿಡಿಯಲು ಕಂಬಿ ಇಲ್ಲ. ಮೊಣಕಾಲು ನೋವಿನವರು ಒದ್ದೆ ಕಾಲಲ್ಲಿ ಇಳಿಯುವುದನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಮೂರು ಸಲ ಹೇಳಿದ್ದೇನೆ, ಇನ್ನೂ ಹಾಕಿಸಿಲ್ಲ. ಇದಕ್ಕೆ ದುಡ್ಡಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾವೇ ವಂತಿಗೆ ಹಾಕಿ ಮಾಡಿಸಬಹುದು. ಇನ್ನು ವಾಟ್ಸಾಪಿನಲ್ಲಿ ಬರುವುದೆಲ್ಲ ಮರಾಠಿಯಲ್ಲಿ. ನನಗೆ ಓದಲು ಬರುತ್ತದೆ, ಹೊಸದಾಗಿ ಊರಿಂದ ಬಂದವರಿಗೆ ಕಷ್ಟ. ಈಗ ನಾನು ಕನ್ನಡದವರಿಗೆ ಧ್ವನಿ ಸಂದೇಶ ಮಾಡಿ ಕಳಿಸುತ್ತೇನೆ. ನಮ್ಮವರು ಏಳು ಜನ ಆಗಿದ್ದೇವೆ.

ನನ್ನ ಹೆಗಲು ಪೂರ್ತಿ ಸರಿಯಾಗಿಲ್ಲ. ಚಳಿಗೆ ಹಿಡಿಯುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆ (HbA1c ಪರೀಕ್ಷೆ) 8.9 ಇದ್ದದ್ದು 7.6ಕ್ಕೆ ಬಂದಿದೆ. ಮಾತ್ರೆ ಈಗಲೂ ಇದೆ. ಇದರಲ್ಲಿ ಎಷ್ಟು ಮಾತ್ರೆಯದು, ಎಷ್ಟು ಟೇಕಡಿಯದು, ಎಷ್ಟು ಊಟದ್ದು ಎಂದು ಪಾಲು ಮಾಡಲು ನನಗೆ ಬರುವುದಿಲ್ಲ. ಜಡೆ ನಾನೇ ಹಾಕಿಕೊಳ್ಳುತ್ತೇನೆ. ದಿನಕ್ಕೆ 150 ರೊಟ್ಟಿಯಲ್ಲಿ 100 ನಾನು ಬಡಿಯುತ್ತೇನೆ, 50 ಕೆಲಸಕ್ಕೆ ಬರುವ ಹುಡುಗಿ.

ಹೋಗುವವರು ಬೆಳಿಗ್ಗೆ ಆರೂಕಾಲಕ್ಕೆ ಯೋಗಕ್ಕೆ ಬಂದುಬಿಡಿ. ಡಾಕ್ಟರ್ ಏಳೂವರೆಯಿಂದ ನೋಡುತ್ತಾರೆ. ಹಳೆಯ ರಿಪೋರ್ಟುಗಳು, ಈಗ ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಒಂದು ದಪ್ಪ ಟವೆಲ್ ತನ್ನಿ. ಬುಧವಾರ ಬಂದರೆ ಹನ್ನೆರಡೂವರೆಯವರೆಗೆ ಇರಿ. ಈ ವಾರದ ಸೂಪಿಗೆ ಹೀರೇಕಾಯಿ ತಂದಿಟ್ಟಿದ್ದೇನೆ.