ಓಮ್ಸ್ ಕೆಟ್ಟ ಕ್ಲ್ಯಾಂಪ್ ಮೀಟರ್: ಮೂರು ಮಳೆಗಾಲದ ಬಳಕೆ

ತಂತಿಯ ಸುತ್ತ ಬಾಯಿ ಹಾಕಿ ಕರೆಂಟ್ ಅಳೆಯುವ ನನ್ನ ಕ್ಲ್ಯಾಂಪ್ ಮೀಟರಿನ ಓಮ್ಸ್, ಅಂದರೆ ರೆಸಿಸ್ಟೆನ್ಸ್ (ತಂತಿಯ ತಡೆ) ಅಳೆಯುವ ಭಾಗ, ಎರಡನೇ ಮಳೆಗಾಲಕ್ಕೇ ಕೆಟ್ಟಿತು. ವೋಲ್ಟೇಜ್ ಸರಿ ಬರುತ್ತದೆ, ಆಂಪ್ಸ್ ಸರಿ ಬರುತ್ತದೆ. ಓಮ್ಸ್‌ಗೆ ತಿರುಗಿಸಿದರೆ ಮಾತ್ರ ನೀರು ಕಾಯಿಸುವ ಒಂದೇ ರಾಡ್‌ಗೆ ಒಮ್ಮೆ 35, ಒಮ್ಮೆ 80, ಇನ್ನೊಮ್ಮೆ ಏನೂ ಇಲ್ಲ. ಸರ್ವಿಸ್‌ನವರು "ಒಳಗೆ ತೇವ ಹೋಗಿದೆ, ವಾರಂಟಿ ಬರಲ್ಲ" ಎಂದು ವಾಪಸ್ ಕೊಟ್ಟರು. ನಮ್ಮದು ತೀರ್ಥಹಳ್ಳಿ ಕಡೆ. ಜೂನ್ ಬಂದರೆ ಬೀರುವಿನಲ್ಲಿಟ್ಟ ಬಟ್ಟೆಗೂ ಬೂಸ್ಟು ಹಿಡಿಯುತ್ತದೆ. 1,900 ರೂಪಾಯಿ ಕೊಟ್ಟು ಶಿವಮೊಗ್ಗದಿಂದ ತಂದದ್ದು. ತುಂಬಾ ಬೇಜಾರಾಯಿತು.

ಆಮೇಲೆ ಹೈಸ್ಕೂಲಿನ ಪಾಠ ನೆನಪಾಯಿತು. ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ರೆಸಿಸ್ಟೆನ್ಸ್. ಜಾರ್ಜ್ ಓಮ್ 1827ರಲ್ಲೇ ಬರೆದಿಟ್ಟ ಲೆಕ್ಕ. ಎರಡನ್ನೂ ಗುಣಿಸಿದರೆ ಪವರ್. ಮೀಟರಿನಲ್ಲಿ ಆ ಎರಡು ಚೆನ್ನಾಗಿಯೇ ಇವೆ, ಅಲ್ವಾ? ಆಗಸ್ಟ್‌ನಲ್ಲಿ ಸೌದೆ ಒದ್ದೆಯಾಗಿ ಬಚ್ಚಲ ಒಲೆ ಹತ್ತದ ದಿನ ಇದನ್ನು ಮೊದಲು ಮಾಡಿ ನೋಡಿದೆ. ಬಕೆಟ್‌ಗೆ 1500 ವಾಟ್‌ನ ರಾಡ್ ಇಟ್ಟಿದ್ದೆವು. 20 ಲೀಟರ್ ನೀರು ಕಾಯಲು ಅರ್ಧ ಗಂಟೆಯ ಮೇಲೆ ಹಿಡಿಯುತ್ತಿತ್ತು. ರಾಡ್ ಹೋಗಿದೆ, ಹೊಸದು ತಗೊಳ್ಳಿ ಎಂದರು ಅಂಗಡಿಯವರು. ಅಳೆದೆ: 180 ವೋಲ್ಟ್, 5.1 ಆಂಪ್ಸ್. ಭಾಗಿಸಿದರೆ 35.3 ಓಮ್. 230 ವೋಲ್ಟ್‌ಗೆ 1500 ವಾಟ್ ಎಂದು ಮಾಡಿದ ರಾಡ್‌ಗೆ ಇರಬೇಕಾದದ್ದೂ ಅಷ್ಟೇ. ರಾಡ್ ಸರಿಯಾಗಿದೆ. ಆದರೆ 180ನ್ನು 5.1ರಿಂದ ಗುಣಿಸಿ ನೋಡಿ, 918 ವಾಟ್. 21 ನಿಮಿಷಕ್ಕೆ ಕಾಯಬೇಕಾದ ನೀರಿಗೆ 35 ನಿಮಿಷ ಬೇಕು. ಆ ದಿನ ಕ್ಯಾಲೆಂಡರಿನ ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಲೆಕ್ಕ ಈಗಲೂ ಹಾಗೇ ಇದೆ.

ಒಂದು ವಿಷಯ ಮೀಟರಿನ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ಇರಬೇಕಿತ್ತು. ಇಡೀ ವೈರ್‌ಗೆ ಬಾಯಿ ಹಾಕಿದರೆ ಸೊನ್ನೆ ಬರುತ್ತದೆ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ವಾಪಸ್ ಬರುವುದರಿಂದ ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಒಂದೇ ತಂತಿ ಹಿಡಿಯಬೇಕು. ಅದಕ್ಕೆ ಎಲೆಕ್ಟ್ರಿಷಿಯನ್ ಹತ್ತಿರ ಒಂದೂವರೆ ಅಡಿಯ ಒಂದು ವೈರ್ ಮಾಡಿಸಿಕೊಂಡಿದ್ದೇನೆ. ಒಂದು ತುದಿಗೆ ಪಿನ್, ಇನ್ನೊಂದಕ್ಕೆ ಸಾಕೆಟ್. ನಡುವೆ ಹೊರಗಿನ ಕವರ್ ಮಾತ್ರ ಬಿಡಿಸಿ ಮೂರು ತಂತಿಗಳನ್ನು ಬೇರೆ ಮಾಡಿದ್ದು. ಒಳಗಿನ ಇನ್ಸುಲೇಷನ್ ಮುಟ್ಟಿಲ್ಲ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ರಿಜ್, ಎಲ್ಲವೂ ಒಂದೊಂದು ಬೆಳಿಗ್ಗೆ ಕಾಫಿ ಹೊತ್ತಿಗೆ ಇದರ ಮೂಲಕ ಹಾದುಹೋಗಿವೆ. ಕೆಂಪು ತಂತಿಗೆ ಮೀಟರಿನ ಬಾಯಿ ಹಾಕುವುದು, ಅಂಕಿ ನಿಲ್ಲುವ ತನಕ ಕಾಯುವುದು, ಬರೆದುಕೊಳ್ಳುವುದು. ಚಿಕ್ಕ ಎಲ್‌ಇಡಿ ಬಲ್ಬ್‌ಗೆ ಅಂಕಿ ಏಳುವುದಿಲ್ಲ. ಉದ್ದದ ತಂತಿಯನ್ನು ಬಾಯಿಯೊಳಗೆ ಹತ್ತು ಸುತ್ತು ಹಾಕಿ, ಬಂದದ್ದನ್ನು ಹತ್ತರಿಂದ ಭಾಗಿಸಬೇಕು.

ಫೆಬ್ರವರಿಯಲ್ಲಿ ಆದದ್ದು ನಿಜವಾದ ಉಪಕಾರ. ತೋಟದ ಪಂಪಿನ ವೈಂಡಿಂಗ್, ಅಂದರೆ ಮೋಟಾರಿನೊಳಗಿನ ತಂತಿ ಸುರುಳಿ, ಎರಡು ಸಲ ಸುಟ್ಟಿತ್ತು. ಅಪ್ಪಯ್ಯ ಲೈನಿನ ವೋಲ್ಟೇಜನ್ನೇ ಬೈಯುತ್ತಿದ್ದರು, ನಾನೂ ಬೈಯುತ್ತಿದ್ದೆ. ಪಂಪ್‌ಶೆಡ್ ಮನೆಯಿಂದ 150 ಮೀಟರ್ ಕೆಳಗಿದೆ. ಅದೇ ರಾಡನ್ನು ಅಲ್ಲಿ ಬಕೆಟ್ ನೀರಿನಲ್ಲಿಟ್ಟು ಹಾಕಿದೆ. ಮೋಟಾರ್ ಬದಲು ರಾಡ್ ಯಾಕೆಂದರೆ ಅದರ ಲೆಕ್ಕ ನೇರ. ಮನೆಯ ಬೋರ್ಡಿನಲ್ಲಿ 206 ವೋಲ್ಟ್, ಶೆಡ್‌ನಲ್ಲಿ 188, ಕರೆಂಟ್ 5.3. ದಾರಿಯಲ್ಲೇ 18 ವೋಲ್ಟ್ ಹೋಗುತ್ತಿದೆ! 18ನ್ನು 5.3ರಿಂದ ಭಾಗಿಸಿದರೆ 3.4 ಓಮ್. ಹಳೆಯ 2.5 ಚದರ ಮಿಲಿಮೀಟರ್ ಅಲ್ಯೂಮಿನಿಯಂ ವೈರ್ ಹೋಗಿ ಬರುವ 300 ಮೀಟರ್‌ಗೆ ಸರಿಯಾಗಿ ಅಷ್ಟೇ ಆಗುತ್ತದೆ. ಲೈನಿನ ತಪ್ಪು ಅರ್ಧ, ನಮ್ಮ ವೈರಿನದು ಅರ್ಧ. ವೋಲ್ಟೇಜ್ ಇಳಿದರೆ ಮೋಟಾರ್ ಅದೇ ಕೆಲಸಕ್ಕೆ ಜಾಸ್ತಿ ಕರೆಂಟ್ ಎಳೆಯುತ್ತದೆ. ಕರೆಂಟ್ ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ವೈಂಡಿಂಗ್ ಉಳಿಯುವುದು ಹೇಗೆ?

ತಾಮ್ರ ನಮ್ಮ ಕೈಗೆ ಎಟುಕಲಿಲ್ಲ. 10 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಎಳೆಸಿದೆವು. ಈಗ ಅದೇ ರಾಡ್‌ಗೆ ದಾರಿಯಲ್ಲಿ ಹೋಗುವುದು 5 ವೋಲ್ಟ್. ಈ ಬೇಸಿಗೆ ಮೋಟಾರ್ ಸುಡಲಿಲ್ಲ. ಇನ್ನೊಂದು ಅನುಕೂಲವೂ ಸಿಕ್ಕಿತು. ನೀರು ಎಳೆಯುವಾಗ ನಮ್ಮ ಮೋಟಾರ್ 7 ಆಂಪ್ಸ್ ಹತ್ತಿರ ತೋರಿಸುತ್ತದೆ. ನೀರಿನೊಳಗಿನ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಎಲೆ ಕಟ್ಟಿಕೊಂಡು ನೀರು ಬರದಿದ್ದರೆ ಅಂಕಿ ಕೆಳಗಿಳಿಯುತ್ತದೆ. ಮನೆಯ ಬೋರ್ಡಿನಲ್ಲೇ ತಿಳಿಯುತ್ತದೆ. ಮಂಡಿ ನೋವಿನ ಅಪ್ಪಯ್ಯ ಸುಮ್ನೆ ತೋಟಕ್ಕೆ ಇಳಿದು ಹತ್ತಬೇಕಿಲ್ಲ. ಇದಕ್ಕೇ ನಾನು ಮೀಟರನ್ನು ಕ್ಷಮಿಸಿದ್ದು.

ಈ ಲೆಕ್ಕ ಎಲ್ಲದಕ್ಕೂ ಒಂದೇ ರೀತಿ ಹೊಂದುವುದಿಲ್ಲ. ಮೋಟಾರಿಗೆ ವೋಲ್ಟ್ ಮತ್ತು ಆಂಪ್ಸ್ ಗುಣಿಸಿದರೆ ಬರುವುದು ವಾಟ್ ಅಲ್ಲ, ವಿಎ (ವೋಲ್ಟ್-ಆಂಪಿಯರ್). ಅದರಲ್ಲಿ ನಿಜವಾಗಿ ಪವರ್ ಆಗುವ ಪಾಲು ಎಷ್ಟು ಎನ್ನುವ ಪವರ್ ಫ್ಯಾಕ್ಟರ್‌ನಿಂದ ಮತ್ತೆ ಗುಣಿಸಬೇಕು. ಹಳೆಯ ತಂತಿ ಬಲ್ಬ್‌ನದು ಬೇರೆಯೇ ಕಥೆ. 230 ವೋಲ್ಟ್‌ನಲ್ಲಿ ಉರಿಯುವಾಗ 100 ವಾಟ್‌ನ ಬಲ್ಬ್ 529 ಓಮ್. ತಣ್ಣಗಿದ್ದಾಗ ಅದರ ಹತ್ತನೇ ಒಂದು ಭಾಗವೂ ಇರುವುದಿಲ್ಲ. ಓಮ್ಸ್ ಸರಿ ಇದ್ದರೂ ಮೀಟರ್ ತಣ್ಣಗಿನದನ್ನೇ ತೋರಿಸುತ್ತಿತ್ತು.

ಬೇಜಾರು ಇನ್ನೂ ಇದೆ. ಪರದೆಯ ಬೆಳಕು ಹತ್ತು ಸೆಕೆಂಡಿಗೇ ಆರಿಹೋಗುತ್ತದೆ. ಕತ್ತಲ ಶೆಡ್‌ನಲ್ಲಿ ಒಂದು ಕೈಲಿ ಟಾರ್ಚ್ ಹಿಡಿದು ಅಂಕಿ ಓದಬೇಕು. ಪ್ರೋಬ್ ತುದಿಗೆ ಕಿಲುಬು ಹಿಡಿಯುತ್ತದೆ, ಒರೆಸುತ್ತಲೇ ಇರಬೇಕು. ವೋಲ್ಟೇಜ್ ನೋಡುವಾಗ ಒಣ ಕೈ, ಕಾಲಿಗೆ ಚಪ್ಪಲಿ. ಮಳೆ ಹನಿಯುವ ಶೆಡ್‌ನಲ್ಲಿ ಬೇಡವೇ ಬೇಡ.

ಎಲೆಕ್ಟ್ರಿಷಿಯನ್ ಕೆಲಸದವರಿಗೆ ಇದು ಸಾಲದು, ಇನ್ನೂ ಒಳ್ಳೆಯದನ್ನು ತಗೊಳ್ಳಿ. ತೋಟ, ಪಂಪ್, ದೂರದ ವೈರ್ ಇರುವ ನಮ್ಮಂಥವರಿಗೆ ಸಾಕು. ತಂದ ದಿನವೇ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ ಎರಡು ಇಡಿ. ನಾನು ಓಮ್ಸ್ ಕೆಟ್ಟ ಮೇಲೆ ಇಟ್ಟೆ.