ಸಂಜ್ಞಾ ಭಾಷೆ ಕಲಿಯಲು ಯೂಟ್ಯೂಬಾ, ಆ್ಯಪಾ?

ಚಿಂತಾಮಣಿಯಲ್ಲಿ ನನಗೆ ಸಂಜ್ಞಾ ಭಾಷೆಯ ಕ್ಲಾಸ್ ಸಿಗಲಿಲ್ಲ. ಮೊದಲು ಯೂಟ್ಯೂಬ್ ಹಿಡಿದೆ. ಪಾಠಗಳೇನೋ ಚೆನ್ನಾಗಿವೆ, ಆದರೆ ಜಾಸ್ತಿ ಕಣ್ಣಿಗೆ ಬೀಳುವುದು ಅಮೆರಿಕದವು. ಅವರದು ಅಕ್ಷರಕ್ಕೆ ಒಂದೇ ಕೈ, ನಮ್ಮಲ್ಲಿ ಎರಡು. ಇಂಗ್ಲಿಷಿನ 'ಎ' ಅನ್ನಲು ಒಂದು ಕೈಯ ತೋರುಬೆರಳಿಂದ ಇನ್ನೊಂದರ ಹೆಬ್ಬೆರಳ ತುದಿ ಮುಟ್ಟಬೇಕು. ನಾನು ಒಂಟಿ ಕೈಯಲ್ಲಿ ಹೆಸರು ತೋರಿಸಿದಾಗ ಪಕ್ಕದ ಮನೆಯ ಕಿವುಡ ಹುಡುಗ ನಕ್ಕುಬಿಟ್ಟ!

2022ರಲ್ಲಿ ಬಂದ ಸೈನ್ ಲರ್ನ್ ಆ್ಯಪ್ ಭಾರತೀಯ ಸಂಜ್ಞಾ ಭಾಷೆಯದ್ದೇ. ಸುಮಾರು 10,000 ಪದ, ದುಡ್ಡು ಬೇಡ. ಹುಡುಕಾಟ ಇಂಗ್ಲಿಷ್, ಹಿಂದಿಯಲ್ಲಿ. ಆದರೆ ಅದು ನಿಘಂಟು ಅಲ್ವಾ, ಸುಮ್ನೆ ಪದ ನೋಡಿದರೆ ವಾಕ್ಯ ಬರುವುದಿಲ್ಲ. ಪ್ರಶ್ನೆಪದ ಕೊನೆಗೆ ಹೋಗುತ್ತದೆ, 'ನಿಮ್ಮ ಹೆಸರು ಏನು' ಅನ್ನುವ ಹಾಗೆ. ಕನ್ನಡದವರಿಗೆ ಇದು ಸಲೀಸು.

ನಾನಂತೂ ಪದಕ್ಕೆ ಆ್ಯಪ್ ಇಟ್ಟುಕೊಂಡೆ. ವಾಕ್ಯಕ್ಕೆ ಭಾನುವಾರ ಅದೇ ಹುಡುಗ.